ಕೋಳಿ ಫೀಡಿಗೆ ಅರಿಶಿನ, ಬೆಳ್ಳುಳ್ಳಿ ಬೆರೆಸುವ ಮುನ್ನ...

ಫೀಡಿಗೆ ಹಾಕುವ ಆ್ಯಂಟಿಬಯೋಟಿಕ್ ಬದಲು ಅರಿಶಿನ, ಬೆಳ್ಳುಳ್ಳಿ ಬೆರೆಸಲು ಹೊರಟಿದ್ದೀರಾ? ಮೊದಲು ಶೆಡ್ಡಿಗೆ ಹೋಗಿ, ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು ಅಮುಕಿ ನೋಡಿ. ಮುಷ್ಟಿ ಬಿಚ್ಚಿದಾಗ ಉದುರಿದರೆ ಸರಿ. ಉಂಡೆ ಉಂಡೆಯಾಗಿಯೇ ಉಳಿದು, ಮೂಗಿಗೆ ಘಾಟು ಹೊಡೆದರೆ ಮೊದಲು ಹೊಟ್ಟು ಬದಲಿಸಿ, ಗಾಳಿಯಾಡುವಂತೆ ಮಾಡಿ. ಒದ್ದೆ ಹಾಸಿನ ಮೇಲೆ ನಿಂತ ಕೋಳಿಗೆ ಯಾವ ಅರಿಶಿನವೂ ನಾಟುವುದಿಲ್ಲ.

ಫೀಡಿಗೆ ದಿನವೂ ಚೂರುಚೂರು ಆ್ಯಂಟಿಬಯೋಟಿಕ್ ಬೆರೆಸುವುದು ರೋಗ ವಾಸಿಗಲ್ಲ, ತೂಕ ಬೇಗ ಬರಲಿ ಎಂದು. ಆ ಸಣ್ಣ ಡೋಸಿಗೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಮುಂದೆ ಔಷಧಕ್ಕೇ ಜಗ್ಗುವುದಿಲ್ಲ. ಐರೋಪ್ಯ ಒಕ್ಕೂಟ 2006ರಲ್ಲೇ ಈ ಪದ್ಧತಿಗೆ ತೆರೆ ಎಳೆಯಿತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ಕನ್ನು ಕೋಳಿಗೆ ಕೊಡುವುದನ್ನು ನಮ್ಮ ದೇಶ 2019ರಲ್ಲಿ ನಿಷೇಧಿಸಿತು.

ಹತ್ತು ಕೆ.ಜಿ. ಫೀಡಿಗೆ 50 ಗ್ರಾಂ ಅರಿಶಿನ ಸಾಕು. ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸಿಕೊಳ್ಳಿ. ಅಂಗಡಿಯ ಪುಡಿ ತೀರಾ ಹೊಳೆಯುತ್ತಿದ್ದರೆ ಬಣ್ಣ ಬೆರೆತಿರಬಹುದು. ಪುಡಿಯನ್ನು ನೇರವಾಗಿ ಚೀಲಕ್ಕೆ ಸುರಿಯಬೇಡಿ. ಒಂದು ಕೆ.ಜಿ. ಫೀಡಿನಲ್ಲಿ ಚೆನ್ನಾಗಿ ಕಲಸಿ, ಅದನ್ನು ಉಳಿದ ಒಂಬತ್ತು ಕೆ.ಜಿ.ಗೆ ಬೆರೆಸಿ. ಪೆಲೆಟ್ ಫೀಡ್ ಆದರೆ ಈ ಕಸರತ್ತೇ ದಂಡ: ಕೋಳಿ ಗುಳಿಗೆ ಹೆಕ್ಕುತ್ತದೆ, ಅರಿಶಿನ ತಟ್ಟೆಯ ತಳದಲ್ಲಿ ಉಳಿಯುತ್ತದೆ. ಪುಡಿಯಾಗಿರುವ ಮ್ಯಾಶ್ ಫೀಡೇ ಬೇಕು.

ಬೆಳ್ಳುಳ್ಳಿ ಪುಡಿಗೂ ಅದೇ ಅಳತೆ. ಹಸಿಯದಾದರೆ ಜಜ್ಜಿದ ಕೂಡಲೇ ಬೆರೆಸಿ, ಆವತ್ತೇ ಖಾಲಿ ಮಾಡಿಸಿ. ಬೇಯಿಸಬೇಡಿ, ಅದರ ಘಾಟಿನಲ್ಲೇ ಗುಣವಿರುವುದು.

ಎಡವುವುದು ಹೆಚ್ಚಾಗಿ ನೀರಿನಲ್ಲಿ. ಪ್ರೊಬಯೋಟಿಕ್ ಪುಡಿಯಲ್ಲಿರುವುದು ಕರುಳಿಗೆ ಒಳಿತು ಮಾಡುವ ಜೀವಂತ ಬ್ಯಾಕ್ಟೀರಿಯಾ. ಕ್ಲೋರಿನ್ ಹಾಕಿದ ನಲ್ಲಿ ನೀರಿಗೆ ಬೆರೆಸಿದರೆ ಕೊಟ್ಟ ದುಡ್ಡು ಅಲ್ಲೇ ಸತ್ತಂತೆ. ಬಾವಿ ನೀರಿದ್ದರೆ ಒಳ್ಳೆಯದು; ಇಲ್ಲದಿದ್ದರೆ ಅಗಲ ಬಾಯಿಯ ಬಕೆಟ್‌ನಲ್ಲಿ ರಾತ್ರಿಯಿಡೀ ತೆರೆದಿಟ್ಟು ಬಳಸಿ. ವಿನೆಗರ್ ಕೊಡುವವರು ಲೀಟರಿಗೆ 5 ಮಿ.ಲೀ. ಮೀರಬೇಡಿ, ಅದೂ ವಾರಕ್ಕೆರಡು ದಿನ, ಪ್ಲಾಸ್ಟಿಕ್ ಪಾತ್ರೆಯಲ್ಲಿ. ತಗಡಿನದಾದರೆ ಹುಳಿಗೆ ಸತು ಕರಗುತ್ತದೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ, ಅದರ ಹಿಂದಿನ ದಿನ, ಮರುದಿನ ವಿನೆಗರ್ ಮುಟ್ಟಲೇಬೇಡಿ. ಲಸಿಕೆಯೂ ಜೀವಂತ ವೈರಸ್ಸೇ.

ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದರೆ ಅಡುಗೆಮನೆ ವೈದ್ಯ ಬಿಟ್ಟು ಪಶುವೈದ್ಯರನ್ನು ಕರೆಯಿರಿ. ಅವರು ಆ್ಯಂಟಿಬಯೋಟಿಕ್ ಬರೆದರೆ ಪೂರ್ತಿ ಕೋರ್ಸ್ ಕೊಡಿ. ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಮೊಟ್ಟೆ, ಮಾಂಸ ಮಾರಬೇಡಿ.

ನೂರು ಮರಿ ಇದ್ದರೆ ಇಪ್ಪತ್ತನ್ನು ಬೇರೆ ಬಿಟ್ಟು ಬರೀ ಫೀಡ್ ಹಾಕಿ. ವಾರಕ್ಕೊಮ್ಮೆ ಎರಡೂ ಗುಂಪಿನಿಂದ ಹತ್ತತ್ತು ಮರಿ ತೂಗಿ, ತಿಂದ ಫೀಡಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ವಾರಕ್ಕೂ ತೂಕದಲ್ಲಿ, ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣದಿದ್ದರೆ ಅರಿಶಿನದ ಖರ್ಚು ಕೈಬಿಟ್ಟು, ಆ ದುಡ್ಡಿಗೆ ಒಣ ಹೊಟ್ಟು ತನ್ನಿ.