ಹವಳದ ಪಾಚಿ ಎಷ್ಟು ಬಿಸಿ ತಡೆಯುತ್ತೆ? ಒಂದೇ ದಿನದ ಪರೀಕ್ಷೆ, ನನ್ನ ಅನುಭವ

"ಸಮುದ್ರ ವಾರಗಟ್ಟಲೆ ಕಾದ ಮೇಲೆ ಹವಳ ಬಿಳಿಚಿಕೊಳ್ಳುತ್ತೆ. 18 ಗಂಟೆಯಲ್ಲಿ ನಿಮಗೇನು ಗೊತ್ತಾಗುತ್ತೆ?" ಹವಳದೊಳಗೆ ಪಾಚಿ ಬದುಕುತ್ತೆ, ಅದು ಹೊರಹೋದರೆ ಹವಳ ಬಿಳಿಚಿಕೊಳ್ಳುತ್ತೆ. ಹವಳದ ತುಂಡುಗಳನ್ನು ಐಸ್ ಬಾಕ್ಸ್‌ನ ನೀರಲ್ಲಿ ಬಿಸಿ ಮಾಡಿ, ಆ ಪಾಚಿ ಎಷ್ಟು ತಡೆಯುತ್ತೆ ಅಂತ 18 ಗಂಟೆಯಲ್ಲಿ ನೋಡೋದು ನನ್ನ ಪರೀಕ್ಷೆ. ಅದಕ್ಕೇ ಎರಡು ವರ್ಷ ಈ ಮಾತು ಕೇಳಿದ್ದೇನೆ. ಕೇಳಿದವರೇ ಈಗ ನನ್ನ ಐಸ್ ಬಾಕ್ಸ್‌ಗಳ ಫೋಟೋ ಕಳಿಸಿ ಅಂತಿದ್ದಾರೆ.

ಕ್ರಮ ಇಷ್ಟೇ. ಮೂರು ಗಂಟೆ ಬಿಸಿ ಏರಿಸೋದು, ಮೂರು ಗಂಟೆ ಹಾಗೇ ಇಡೋದು, ಒಂದು ಗಂಟೆಯಲ್ಲಿ ಇಳಿಸೋದು, ಉಳಿದ ಹೊತ್ತು ರಾತ್ರಿಯಿಡೀ ಮೊದಲಿನ ಉಷ್ಣತೆಯಲ್ಲೇ ಬಿಡೋದು. ನಾಲ್ಕು ಬಾಕ್ಸ್: ಒಂದು ಅಲ್ಲಿನ ಸಮುದ್ರದ ಅತಿ ಬಿಸಿ ತಿಂಗಳ ಸರಾಸರಿ ಉಷ್ಣತೆಯಲ್ಲಿ, ಉಳಿದವು ಅದಕ್ಕಿಂತ 3, 6, 9 ಡಿಗ್ರಿ ಜಾಸ್ತಿ.

ಮೊದಲ ಮೂರು ಸಲವೂ ಕೈಕೊಟ್ಟಿತು. ಪಾಚಿಯ ದ್ಯುತಿಸಂಶ್ಲೇಷಣೆ ಅಳೆಯುವ ಪ್ಯಾಮ್ ಮೀಟರಿನ ಬಾಡಿಗೆಯೇ ಅರ್ಧ ದುಡ್ಡು ನುಂಗಿತ್ತು. ಹಾಗಾಗಿ ಪಂಪು, ಥರ್ಮೋಸ್ಟಾಟ್ ಅಗ್ಗದ್ದು ತಂದೆ. ಹೀಟರ್ ಇದ್ದ ಮೂಲೆಗೂ ಎದುರು ಮೂಲೆಗೂ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ. ಎರಡು ಸೆಟ್ ತುಂಡುಗಳು ಬೆಂದೇ ಹೋದವು. ಉಳಿಸಿದ್ದಕ್ಕಿಂತ ಕಳೆದುಕೊಂಡಿದ್ದೇ ಹೆಚ್ಚು. ಎರಡನೇ ಸಲ ಲೈಟ್ ಮಂದವಾಗಿತ್ತು, 3 ಡಿಗ್ರಿಗೂ 6 ಡಿಗ್ರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಬಿಸಿಗೆ ದ್ಯುತಿಸಂಶ್ಲೇಷಣೆಗೆ ಬೇಕಾದ ಡಿ1 ಪ್ರೋಟೀನಿನ ರಿಪೇರಿ ನಿಧಾನವಾಗುತ್ತೆ, ಆದರೆ ಅದನ್ನು ಕೆಡಿಸೋಕೆ ಬೆಳಕೂ ಬೇಕಲ್ವಾ? ಮೂರನೇ ಸಲ ಅವಸರಪಟ್ಟೆ. ಅಳೆಯೋ ಮೊದಲು ಪಾಚಿ ಕತ್ತಲಲ್ಲಿ ಸುಧಾರಿಸಿಕೊಳ್ಳಬೇಕು. ಐದೇ ನಿಮಿಷ ಕತ್ತಲಲ್ಲಿಟ್ಟು ಅಳೆದೆ, ಅಂಕಿಗಳು ಕುಣಿದಾಡಿದವು. ಈಗ ಅರ್ಧ ಗಂಟೆಗೆ ಕಡಿಮೆ ಇಲ್ಲ.

ನಾಲ್ಕನೇ ಸಲ ಕೂತಿತು. ಎಫ್‌ವಿ/ಎಫ್‌ಎಂ (ಪಾಚಿ ಬೆಳಕನ್ನು ಎಷ್ಟು ಚೆನ್ನಾಗಿ ಬಳಸಬಲ್ಲದು ಅನ್ನೋ ಮೀಟರಿನ ಅಂಕಿ) ಮೊದಲ ಬಾಕ್ಸ್‌ನಲ್ಲಿ 0.65ರ ಆಸುಪಾಸು, 3 ಡಿಗ್ರಿಯಲ್ಲಿ 0.6, 6ರಲ್ಲಿ 0.4, 9ರಲ್ಲಿ ಹೆಚ್ಚುಕಡಿಮೆ ಸೊನ್ನೆ. 6 ಡಿಗ್ರಿಯ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಅದೇ ಕಂದು ಬಣ್ಣ, ಪಾಲಿಪ್‌ಗಳು, ಅಂದರೆ ಹವಳದ ಪುಟ್ಟ ಜೀವಿಗಳು, ಒಳಗೆ ಸರಿದಿದ್ದವು, ಅಷ್ಟೇ. ಪಾಚಿ ಇನ್ನೂ ಒಳಗೇ ಇದೆ, ಆದರೆ ಅದರ ದ್ಯುತಿಸಂಶ್ಲೇಷಣೆ ಆಗಲೇ ಕುಸಿದಿದೆ. ಕಣ್ಣನ್ನು ನಂಬಿದ್ದರೆ ಚೆನ್ನಾಗಿದೆ ಅಂತ ಬರೆದುಬಿಡುತ್ತಿದ್ದೆ.

ಆ ಬೇಸಿಗೆಯಲ್ಲಿ ಸಮುದ್ರ ನಿಜಕ್ಕೂ ಕಾದಿತು. 12 ಹವಳಗಳಲ್ಲಿ 9, ಪರೀಕ್ಷೆ ನೋಡಿ ನಾನು ಮೊದಲೇ ಬರೆದಿಟ್ಟ ಸರದಿಯಲ್ಲೇ ಬಿಳಿಚಿಕೊಂಡವು. ಅಲ್ಲಿಗೆ ವಾದ ನಿಂತಿತು.

ಸುಮ್ನೆ ನೋಡೋಣ ಅಂತ ಒಂದು ಬಾಕ್ಸ್‌ನ ಅರ್ಧಕ್ಕೆ ನೆರಳಿನ ಬಲೆ ಹಾಕಿದ್ದೆ. ಅದೇ 6 ಡಿಗ್ರಿ, ನೆರಳಲ್ಲಿದ್ದವು 0.5ರ ಮೇಲೇ ಉಳಿದವು. ಪಾಚಿಯಲ್ಲೂ ಬಗೆಗಳಿವೆ: ಡುರುಸ್‌ಡಿನಿಯಮ್ ಪಾಚಿ ಇದ್ದ ಹವಳಗಳು ಕ್ಲಾಡೊಕೋಪಿಯಮ್ ಪಾಚಿ ಇದ್ದವಕ್ಕಿಂತ ಸುಮಾರು ಒಂದು ಡಿಗ್ರಿ ಜಾಸ್ತಿ ತಡೆದವು. ಆದರೆ ಆ ಹವಳಗಳು ಬೆಳೆಯೋದು ನಿಧಾನ. ಅದಕ್ಕೇ ಅವನ್ನಷ್ಟೇ ನೆಡಬೇಕು ಅನ್ನೋ ವಾದ ನಾನು ಒಪ್ಪಲ್ಲ.

ಅಳೆಯುವಾಗ ಪ್ಯಾಮ್ ಮೀಟರಿನ ಫೈಬರ್ ತುದಿಯನ್ನು ಪ್ರತಿ ಸಲವೂ ಹವಳದಿಂದ ಒಂದೇ ದೂರದಲ್ಲಿ ನಿಲ್ಲಿಸೋಕೆ ಒಂದು ಹಿಡಿ ಮಾಡಿಕೊಂಡಿದ್ದೇನೆ. ಹೇಗೆ ಅಂತ ಸದ್ಯಕ್ಕೆ ಹೇಳಲ್ಲ. ಬಂದು ಜೊತೆಗೆ ಕೆಲಸ ಮಾಡುವವರಿಗೆ ತೋರಿಸುತ್ತೇನೆ.

ಈಗ 6 ಡಿಗ್ರಿಯ ತುಂಡುಗಳನ್ನು ಎಸೆಯುತ್ತಿಲ್ಲ. ಮೊದಲ ಬಾಕ್ಸ್‌ನ ನೀರಿಗೆ ಹಾಕಿ ದಿನಾ ಅಳೆಯುತ್ತಿದ್ದೇನೆ. ಕೆಲವು ಹತ್ತು ದಿನದಲ್ಲಿ 0.55ಕ್ಕೆ ಏರಿದವು. ಉಳಿದವು ಏಳಲೇ ಇಲ್ಲ. ಎರಡೂ ಒಂದೇ ಹವಳದಿಂದ ಕತ್ತರಿಸಿದ ತುಂಡುಗಳು.