ಲಕ್ವದ ಸಂಶೋಧನೆಗೆ ಡಾಕ್ಟರ್, ಫಿಸಿಯೋ, ಇಂಜಿನಿಯರ್: ಒಟ್ಟಿಗೆ ಕೂರಿಸುವುದು ಹೇಗೆ?

ದಾವಣಗೆರೆಯಲ್ಲಿ ಇದಕ್ಕೆ ಜನರ ಕೊರತೆ ಇಲ್ಲ. 1951ರಿಂದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿದೆ, 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜಿದೆ, ಅಂಗವಿಕಲರ ಪುನರ್ವಸತಿಗೆಂದೇ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ. ಆದರೂ ಲಕ್ವ ಹೊಡೆದವರ ಕೈ ಬಗ್ಗೆ ಒಂದು ಸ್ಟಡಿ ಮಾಡೋಣ ಅಂತ ಹೊರಟರೆ ಮೂರನೇ ಮೀಟಿಂಗಿಗೆ ಅರ್ಧ ಜನ ನಾಪತ್ತೆ.

ಮೊದಲ ದಿನ ಪ್ರಾಜೆಕ್ಟ್ ಮಾತು ಬೇಡ. 'ಚೇತರಿಕೆ' ಅಂದರೆ ಏನು ಅಂತ ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಬರೆಯಲಿ. ಫಿಸಿಯೋ ಮೊಣಕೈ ಎಷ್ಟು ಡಿಗ್ರಿ ಬಿಚ್ಚುತ್ತದೆ ಅಂತ ಬರೆಯುತ್ತಾರೆ, ಇಂಜಿನಿಯರ್ ಸೆನ್ಸರ್ ಗ್ರಾಫ್ ಅನ್ನುತ್ತಾರೆ, ಚಳ್ಳಕೆರೆ ಕಡೆಯಿಂದ ಬಂದ ಅಜ್ಜಿಯನ್ನು ಕೇಳಿದರೆ 'ಸೀರೆ ನೆರಿಗೆ ನಾನೇ ಹಿಡೀಬೇಕು' ಅಂತ ಒಂದೇ ಮಾತು. ಹೌದು, ಅಜ್ಜಿಯೂ ಮೀಟಿಂಗಿನಲ್ಲಿರಬೇಕು. ಅಂಗವೈಕಲ್ಯ, ಆರೋಗ್ಯ ಸ್ಥಿತಿಯನ್ನು ವಿಂಗಡಿಸಲು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಐಸಿಎಫ್ ಚೌಕಟ್ಟಿನಲ್ಲಿ ದೇಹ, ದಿನದ ಕೆಲಸ, ಸಮಾಜದಲ್ಲಿ ಬೆರೆಯುವುದು ಅಂತ ಬೇರೆ ಬೇರೆ ಮನೆಗಳಿವೆ. ಚೀಟಿಗಳನ್ನು ಅದರಲ್ಲಿ ಜೋಡಿಸಿ, ಯಾವುದನ್ನು ಅಳೆಯುತ್ತೀರಿ ಅಂತ ಅಲ್ಲೇ ತೀರ್ಮಾನಿಸಿ.

ಸ್ಟ್ಯಾಟಿಸ್ಟಿಕ್ಸ್‌ನವರನ್ನು ಕೊನೆಗೆ ಕರೆಯಬೇಡಿ. ನಾವು ಹಾಗೇ ಮಾಡಿ ಕೆಟ್ಟೆವು. ಸ್ನಾಯು ಬಿಗಿತ ಅಳೆಯುವ ಮಾಡಿಫೈಡ್ ಆಶ್ವರ್ತ್ ಸ್ಕೇಲಿನಲ್ಲಿ 0, 1, 1+, 2, 3, 4 ಅಂತ ಆರು ದರ್ಜೆ. ಡೇಟಾ ತುಂಬಿದ ಹುಡುಗ 1+ ಅನ್ನು ಟೈಪಿಂಗ್ ತಪ್ಪು ಅಂದುಕೊಂಡು ಎಲ್ಲವನ್ನೂ 1 ಮಾಡಿದ್ದ. ಸಾಲದ್ದಕ್ಕೆ ಇನ್ನೊಬ್ಬರು ಅದರ ಸರಾಸರಿಯನ್ನೂ ತೆಗೆದರು! ಇವು ಬರೀ ದರ್ಜೆಗಳು, 1ರಿಂದ 2ಕ್ಕೂ 3ರಿಂದ 4ಕ್ಕೂ ಒಂದೇ ಅಂತರ ಇರುವುದಿಲ್ಲ, ಕೂಡಿ ಭಾಗಿಸಿದರೆ ಅರ್ಥವೇ ಇಲ್ಲ. ಫಿಸಿಯೋಗೆ ಇದು ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ, ಅಷ್ಟೇ.

ಪೇಪರಿನಲ್ಲಿ ಯಾರ ಹೆಸರು, ಯಾವ ಕ್ರಮದಲ್ಲಿ ಅನ್ನುವುದನ್ನೂ ಮೊದಲೇ ಬರೆದಿಡಿ. ಕೇಳಲು ಮುಜುಗರ, ಆದರೆ ಜಾಸ್ತಿ ತಂಡ ಒಡೆಯುವುದು ಇಲ್ಲೇ. ಐಸಿಎಂಜೆಇ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮದಲ್ಲಿ ಲೇಖಕರಾಗಲು ನಾಲ್ಕು ಷರತ್ತುಗಳಿವೆ, ನಾಲ್ಕೂ ಪೂರೈಸಬೇಕು. ಸುಮ್ನೆ ಎಚ್‌ಒಡಿ ಆಗಿದ್ದರೆ ಸಾಲದು.

ಎಥಿಕ್ಸ್ ಕಮಿಟಿ ಒಪ್ಪಿಗೆ, ಚಿಕಿತ್ಸೆಯ ಟ್ರಯಲ್ ಆದರೆ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ, ಎರಡೂ ಮೊದಲ ರೋಗಿಗಿಂತ ಮುಂಚೆಯೇ ಆಗಬೇಕು.

ಮೀಟಿಂಗನ್ನು ಓಪಿಡಿ ಮುಗಿದ ಮೇಲೆ ಇಡಿ. ಬೆಣ್ಣೆ ದೋಸೆ ತರಿಸಿದರೆ ಹಾಜರಾತಿ ಹೆಚ್ಚುತ್ತದೆ, ತಮಾಷೆಯಲ್ಲ. ರೋಗಿಯ ಜೊತೆ ಬರುವವರ ಬಸ್ ಚಾರ್ಜನ್ನೂ ಬಜೆಟ್ಟಿಗೆ ಸೇರಿಸಿ. ಫಾಲೋಅಪ್ ಮಾತ್ರ ಶೇಂಗಾ ಬಿತ್ತನೆ ಹೊತ್ತಿಗೆ ಇಡಬೇಡಿ, ಅಜ್ಜಿಯನ್ನು ಕರೆತರುವ ಮಗ ಹೊಲದಲ್ಲಿರುತ್ತಾನೆ.