ಮಕ್ಕಳು ಭಾಷೆ ಕಲಿಯಲು ಜರ್ಮನಿಗೆ ಹೊರಟಾಗ ಹೆತ್ತವರು ಮಾಡಿಕೊಳ್ಳಬೇಕಾದ ಸಿದ್ಧತೆ

ಜರ್ಮನ್ ಕಲಿಸುವ ಬೆಂಗಳೂರಿನ ಕೆಲವು ಶಾಲೆಗಳು ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ಮೂರು ವಾರಗಳ ಮಟ್ಟಿಗೆ ಜರ್ಮನಿಗೆ ಕರೆದೊಯ್ಯುತ್ತವೆ. ಮಗು ಅಲ್ಲಿನ ಒಂದು ಕುಟುಂಬದಲ್ಲಿ ಉಳಿದು, ಆ ಮನೆಯ ಮಗುವಿನ ಜೊತೆಗೇ ಶಾಲೆಗೆ ಹೋಗಿಬರುತ್ತದೆ. ಕೆಲವು ತಿಂಗಳ ಬಳಿಕ ಆ ಮಗು ನಮ್ಮ ಮನೆಗೆ ಬರುತ್ತದೆ. ಕಳೆದ ಜೂನ್‌ನಲ್ಲಿ ನನ್ನ ಮಗಳು ಹೀಗೆ ಹೋಗಿಬಂದಳು. ಆ ಅನುಭವದಿಂದ ಕಲಿತದ್ದನ್ನು ಈ ವರ್ಷ ಮಕ್ಕಳನ್ನು ಕಳುಹಿಸುತ್ತಿರುವ ಹೆತ್ತವರಿಗಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಗುವಿನ ಪಾಸ್‌ಪೋರ್ಟ್ ತೆಗೆದು ನೋಡಿ. ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಐದೇ ವರ್ಷದ ಅವಧಿ ಇರುವುದರಿಂದ, ಮಗು ಚಿಕ್ಕದಿದ್ದಾಗ ಮಾಡಿಸಿದ್ದು ಮುಗಿದುಹೋಗಿರಬಹುದು. ಷೆಂಗೆನ್ ವಲಯದಿಂದ, ಅಂದರೆ ಜರ್ಮನಿಯೂ ಸೇರಿ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಿಂದ, ಹೊರಡುವ ದಿನದಿಂದಾಚೆಗೆ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು. ವೀಸಾ ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳು ಮೊದಲೇ ಸಲ್ಲಿಸಬಹುದು. ಬೇಸಿಗೆಯಲ್ಲಿ ನೂಕುನುಗ್ಗಲು ಇರುವುದರಿಂದ ಕೊನೆಯ ವಾರಗಳವರೆಗೆ ಕಾಯಬೇಡಿ. ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ, ಆತಿಥ್ಯ ನೀಡುವ ಕುಟುಂಬದ ಪತ್ರ, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಬೇಕೇಬೇಕು. ಹನ್ನೆರಡು ತುಂಬಿದ ಮಕ್ಕಳು ಬೆರಳಚ್ಚು ಕೊಡಬೇಕು. 2024ರ ಜೂನ್‌ನಿಂದ ದೊಡ್ಡವರ ಷೆಂಗೆನ್ ವೀಸಾ ಶುಲ್ಕ 90 ಯೂರೋ ಆಗಿದೆ. ಆದರೆ ಅಧ್ಯಯನಕ್ಕೆಂದು ಹೋಗುವ ಶಾಲಾ ಮಕ್ಕಳಿಗೂ ಜೊತೆಗಿರುವ ಶಿಕ್ಷಕರಿಗೂ ಈ ಶುಲ್ಕದಿಂದ ವಿನಾಯಿತಿಯಿದೆ. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾ ಶುಲ್ಕ ಬೇರೆ.

ಚೀಲ ತುಂಬುವಾಗ ನಮ್ಮ ಪ್ರೀತಿಗೆ ಸ್ವಲ್ಪ ಕಡಿವಾಣ ಹಾಕಬೇಕಾಗುತ್ತದೆ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ನಮ್ಮ ದೇಶದಿಂದ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲವಾದ್ದರಿಂದ, ತುಪ್ಪದ ಡಬ್ಬಿಯನ್ನೂ ಧಾರವಾಡ ಪೇಢೆಯನ್ನೂ ಮನೆಯಲ್ಲೇ ಬಿಡಿ. ಒಂದು ಪೊಟ್ಟಣ ಚಟ್ನಿಪುಡಿ ಸಾಕು. ಆ ಮನೆಯವರಿಗೆ ಕೊಡಲು ನಾವು ಚನ್ನಪಟ್ಟಣದ ಗೊಂಬೆಗಳನ್ನು ಕಳುಹಿಸಿದೆವು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಊಟದ ಮಾತನ್ನು ಮಗುವೇ ಆಡಲು ಕಲಿತಿರಬೇಕು. ಜರ್ಮನಿಯ ಎಷ್ಟೋ ಮನೆಗಳಲ್ಲಿ ರಾತ್ರಿ ಒಲೆ ಹಚ್ಚುವುದಿಲ್ಲ. ಆರೂವರೆ ಏಳರ ಹೊತ್ತಿಗೆ ಬ್ರೆಡ್, ಚೀಸ್, ಹಸಿ ತರಕಾರಿ, ಮಾಂಸದ ತೆಳು ಹೋಳುಗಳನ್ನು ಮೇಜಿನ ಮೇಲಿಟ್ಟುಕೊಂಡು ಉಣ್ಣುತ್ತಾರೆ. ಬಿಸಿ ಅನ್ನ ಸಾರಿನ ಮಕ್ಕಳಿಗೆ ಮೊದಲೆರಡು ದಿನ ಇದು ಊಟವೆಂದೇ ಅನ್ನಿಸುವುದಿಲ್ಲ. ಹೊರಡುವ ಮೊದಲು ಒಂದು ವಾರ ಮನೆಯಲ್ಲೇ ಒಂದೆರಡು ರಾತ್ರಿ ಹಾಗೆ ಉಂಡು ನೋಡಿ. ಸಸ್ಯಾಹಾರಿಯಾದರೆ ‘ಇಷ್ ಎಸ್ಸೆ ಕೈನ್ ಫ್ಲೈಶ್’, ಅಂದರೆ ನಾನು ಮಾಂಸ ತಿನ್ನುವುದಿಲ್ಲ ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿರಲಿ. ಮೀನು, ಮೊಟ್ಟೆ ಬೇಡವಾದರೆ ಅವನ್ನೂ ಹೆಸರಿಸಿ ಹೇಳಬೇಕು. ಅದಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ‘ವೀ ಹೈಸ್ಟ್ ದಾಸ್ ಔಫ್ ಡೊಯ್ಚ್’ ಎಂಬ ಪ್ರಶ್ನೆ. ಇದಕ್ಕೆ ಜರ್ಮನ್‌ನಲ್ಲಿ ಏನನ್ನುತ್ತಾರೆ ಎಂದು ಕೇಳುತ್ತ ಕೇಳುತ್ತಲೇ ನನ್ನ ಮಗಳು ಆ ಮನೆಯ ಅಡುಗೆಕೋಣೆಯ ಅರ್ಧ ಸಾಮಾನಿನ ಹೆಸರು ಕಲಿತಳು.

ಇನ್ನು ಫೋನಿನ ವಿಷಯ. ಇಡೀ ಪ್ರವಾಸದ ಫಲ ನಿಂತಿರುವುದು ಇದರ ಮೇಲೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ದಿನಕ್ಕೆ ಮೂರು ಸಲ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುವ ಮಗು ಉಳಿದ ಹೊತ್ತನ್ನೂ ಮುಂದಿನ ಕರೆಗಾಗಿ ಕಾಯುತ್ತ ಕಳೆಯುತ್ತದೆ. ಆ ಮನೆಯವರ ಜೊತೆ ತಡವರಿಸಿಕೊಂಡಾದರೂ ಮಾತಾಡಲೇಬೇಕಾದ ಒತ್ತಾಯ ಅದಕ್ಕೆ ಬರುವುದೇ ಇಲ್ಲ. ತಲುಪಿದ ದಿನ ಒಂದು ಕರೆ, ಆಮೇಲೆ ದಿನಕ್ಕೊಂದು ಸಣ್ಣ ಸಂದೇಶ, ಭಾನುವಾರ ಒಂದು ದೀರ್ಘ ಮಾತುಕತೆ ಎಂದು ಹೊರಡುವ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರಿಗಿಂತ ಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಮನೆಮಂದಿ ಬಿಡುವಾಗಿರುತ್ತಾರೆ. ಅವರ ಬೆಳಗಿನ ಹನ್ನೊಂದು, ನಮ್ಮ ಮಧ್ಯಾಹ್ನದ ಎರಡೂವರೆ ಇಬ್ಬರಿಗೂ ಒಗ್ಗಿತು. ಮಗು ಅತ್ತರೆ? ಮೂರನೆಯ ದಿನ ನನ್ನ ಮಗಳು ಅತ್ತಳು. “ಅಮ್ಮಾ, ಇವರು ಮಾತಾಡೋದು ಒಂದೂ ಅರ್ಥ ಆಗ್ತಿಲ್ಲ” ಎಂದಳು. ನಾನು ಐದು ನಿಮಿಷ ಕೇಳಿಸಿಕೊಂಡು, “ನಿಧಾನವಾಗಿ ಮಾತಾಡಿ ಅಂತ ಅವರನ್ನೇ ಕೇಳು ಪುಟ್ಟಾ” ಎಂದು ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಮಗುವಿನ ಆರೋಗ್ಯ ಕೆಟ್ಟಿದೆ, ಇಲ್ಲವೇ ಆ ಮನೆಯಲ್ಲಿ ಅದಕ್ಕೆ ಹೆದರಿಕೆಯಾಗುತ್ತಿದೆ ಎಂಬ ಸಣ್ಣ ಅನುಮಾನ ಬಂದರೂ ಈ ನಿಯಮವನ್ನು ಬದಿಗಿಟ್ಟು ಕೂಡಲೇ ಜೊತೆಗಿರುವ ಶಿಕ್ಷಕರಿಗೆ ಕರೆ ಮಾಡಿ. ಅಲ್ಲಿನ ತುರ್ತು ಸಂಖ್ಯೆ 112 ಎಂಬುದು ಮಗುವಿಗೂ ಗೊತ್ತಿರಲಿ.

ಕರೆ ಕಡಿಮೆಯಾದಾಗ ಮನೆಯ ಸದ್ದೂ ಕಡಿಮೆಯಾಗುತ್ತದೆ. ಮೊದಲ ಸಂಜೆ ನಾನು ಅಭ್ಯಾಸಬಲದಿಂದ ಎರಡು ಪಾವು ಅಕ್ಕಿ ಅಳೆದು, ಅರ್ಧ ಪಾವನ್ನು ಮತ್ತೆ ಡಬ್ಬಿಗೆ ಸುರಿದೆ. ಬೆಳಿಗ್ಗೆ ಏಳಕ್ಕೆ ಶಾಲೆಯ ಬಸ್ಸಿನ ಹಾರ್ನ್ ಕೇಳಿ ಬಾಗಿಲವರೆಗೆ ಹೋಗಿ ನಿಂತದ್ದೂ ಉಂಟು. ಈ ದಿನಗಳನ್ನು ಮನೆ ಸ್ವಚ್ಛಗೊಳಿಸುವ ಕೆಲಸಕ್ಕೆ ಬಳಸಬೇಡಿ. ಮಗುವಿನ ಕೋಣೆಯನ್ನಂತೂ ಅದನ್ನು ಕೇಳದೆ ಮುಟ್ಟಬೇಡಿ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಅದಕ್ಕೆ ತಂದೆ ತಾಯಿ ಇಬ್ಬರೂ ಪೂರ್ತಿಯಾಗಿ ಸಿಗುವ ಅಪರೂಪದ ಕಾಲವಿದು. ಮುಂದೂಡುತ್ತ ಬಂದ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಿ. ನಾನು ಹಾಸನಕ್ಕೆ ಹೋಗಿ ತಾಯಿಯ ಜೊತೆ ಮೂರು ದಿನ ಇದ್ದೆ. ಮದುವೆಯಾದ ಮೇಲೆ ನಾನೊಬ್ಬಳೇ ತವರಿನಲ್ಲಿ ಉಳಿದದ್ದು ಅದೇ ಮೊದಲು. ವಾಪಸ್ ಬಂದ ಮೇಲೆ ನಾನೂ ಯಜಮಾನರೂ ಸಂಜೆ ಕೆರೆಯ ಸುತ್ತ ನಡೆಯತೊಡಗಿದೆವು. ಮೊದಲೆರಡು ದಿನ ಮಗಳ ಮಾತನ್ನೇ ಆಡಿದೆವು, ಮೂರನೆಯ ದಿನದಿಂದ ಬೇರೆ ಮಾತುಗಳೂ ಬಂದವು.

ಮಗು ಮರಳಿದ ಕೂಡಲೇ ನೆಂಟರ ಮುಂದೆ ನಿಲ್ಲಿಸಿ ಜರ್ಮನ್ ಮಾತಾಡಿಸಬೇಡಿ. ಎರಡು ದಿನ ಮಲಗಲು ಬಿಡಿ. ಅಷ್ಟರಲ್ಲಿ ಆತಿಥ್ಯ ನೀಡಿದ ತಾಯಿಗೆ ಒಂದು ಪತ್ರ ಬರೆದು, ಅವರ ಮಗು ನಮ್ಮಲ್ಲಿಗೆ ಬಂದಾಗ ಏನು ತಿನ್ನುತ್ತದೆ, ಖಾರ ತಡೆಯುತ್ತದೆಯೇ, ಯಾವ ಔಷಧಿ ಆಗಿಬರುವುದಿಲ್ಲ ಎಂದು ಕೇಳಿಕೊಳ್ಳಿ. ನಾನು ಹಾಗೆ ಬರೆದಾಗ ಅವರು ಎಲ್ಲಕ್ಕೂ ಉತ್ತರಿಸಿ, ಕೊನೆಯ ಸಾಲಿನಲ್ಲಿ, ಅಕ್ಟೋಬರ್‌ನಲ್ಲಿ ತಮ್ಮ ಮಗಳಿಗೆ ಯಾವಾಗ ಫೋನ್ ಮಾಡಬಹುದು ಎಂದು ಕೇಳಿದ್ದರು. ಭಾನುವಾರ ನಮ್ಮ ಎರಡೂವರೆಗೆ ಎಂದು ಬರೆದೆ.